ಕೇಳದೆ ಉಳಿದ ಹೆಸರುಗಳು

ಹೋದ ವರ್ಷ ಆಷಾಢದಲ್ಲಿ ಪಿಎಚ್.ಡಿ. ಮಾಡುತ್ತಿರುವ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಸಾರ್, ನಾಗಮಂಗಲದ ಕಡೆಯ ಸೋಬಾನೆ ಪದಗಳ ರೆಕಾರ್ಡಿಂಗ್ ನಿಮ್ಮ ಹತ್ರ ಇದೆಯಂತೆ. ಒಂದು ಕಾಪಿ ಸಿಗತ್ತಾ?" ಇದೆಯಮ್ಮ, ಬಾ ಎಂದೆ. ಹಿತ್ತಲಲ್ಲಿ ಕರಿಬೇವಿದೆ, ಕಿತ್ತುಕೊಂಡು ಹೋಗು ಎನ್ನುವಷ್ಟು ಸಲೀಸಾಗಿ ಹೇಳಿದ್ದೆ.

1991ರಿಂದ 1994ರವರೆಗೆ, ಕಾಲೇಜಿಗೆ ರಜೆ ಬಂದಾಗಲೆಲ್ಲ ಹೆಗಲಿಗೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಅಲೆದವನು ನಾನು. ಅರ್ಧ ಗಂಟೆಗೊಂದು ಮುಖ ತಿರುಗಿಸುವ 43 ಕ್ಯಾಸೆಟ್ಟುಗಳಾದವು. 2012ರಲ್ಲಿ ನೋಡಿದರೆ ಟೇಪಿಗೆ ಬೂಷ್ಟು ಹಿಡಿಯತೊಡಗಿತ್ತು. ನಾನೇ ಕೂತು ಪ್ಲೇಯರಿನಿಂದ ಕಂಪ್ಯೂಟರಿಗೆ ತಂತಿ ಎಳೆದು, ಮುಖಕ್ಕೊಂದರಂತೆ 86 ಫೈಲು ಮಾಡಿಕೊಂಡೆ. ನಿಮಿಷಕ್ಕೆ ಸುಮಾರು 10 ಎಂಬಿ. ಎಲ್ಲ ಸೇರಿ 26 ಜಿಬಿಯ ಆಸುಪಾಸು. ಕ್ಯಾಸೆಟ್ ಡಬ್ಬಿಯ ಮೇಲಿನ ಚೀಟಿಯಲ್ಲಿದ್ದುದನ್ನೇ ಫೈಲಿನ ಹೆಸರಾಗಿ ಟೈಪು ಮಾಡಿದೆ. ಎಲ್ಲವನ್ನೂ 500 ಜಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ತುಂಬಿ ಬೀರುವಿನಲ್ಲಿಟ್ಟೆ. ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಕೊಟ್ಟೆ. ಆಮೇಲೆ ಡಿಸ್ಕನ್ನು ಹೊರಗೆ ತೆಗೆದದ್ದು ಒಂದೋ ಎರಡೋ ಸಲ. ತೆಗೆದಾಗಲೂ ಕೆಲಸ ಮುಗಿದೊಡನೆ ಗಿಡ ಕಿತ್ತ ಹಾಗೆ ತಂತಿ ಕಿತ್ತು ಒಳಗಿಟ್ಟಿದ್ದೆ.

ಹುಡುಗಿ ಬರುವ ಹಿಂದಿನ ದಿನ ಡ್ರೈವನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ದೀಪ ಹತ್ತಲಿಲ್ಲ, ಶಬ್ದ ಬರಲಿಲ್ಲ, ಪರದೆಯ ಮೇಲೆ ಏನೂ ಮೂಡಲಿಲ್ಲ. ತೆಗೆದು ಮತ್ತೆ ಚುಚ್ಚಿದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ತೆಂಗಿನಕಾಯಿ ನೋಡುವವರ ಹಾಗೆ. ಅಲ್ಲಾಡಿಸಬಾರದಿತ್ತು ಎಂಬುದು ಆಮೇಲೆ ತಿಳಿಯಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿ, "ಡ್ರೈವ್ ಹೋಯ್ತು ಕಣೋ" ಎಂದೆ.

"ಹೋಯ್ತು ಅಂತ ಯಾರು ಹೇಳಿದ್ದು ಮಾವ? ಕಾಣಿಸ್ತಿಲ್ಲ ಅಷ್ಟೇ ತಾನೆ? ಮೊದಲು ಕೇಬಲ್ ಬದಲಾಯಿಸಿ."

ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವನಿಗೆ ಆ ಹುಡುಗ ಎರಡು ಕ್ರಿಯಾಪದಗಳ ವ್ಯತ್ಯಾಸ ಹೇಳಿಕೊಟ್ಟಿದ್ದ. 'ಹೋಯ್ತು', ಅಂದರೆ 'ಇಲ್ಲ', ಎನ್ನುವುದು ವಸ್ತುವಿನ ಸಂಗತಿ. 'ಕಾಣಿಸುತ್ತಿಲ್ಲ' ಎನ್ನುವುದರಲ್ಲಿ ನೋಡುವವನೂ ಒಬ್ಬ ಇದ್ದಾನೆ, ನಡುವೆ ದಾರಿಯೂ ಒಂದು ಇದೆ. ನೋಡುವವನನ್ನೂ ದಾರಿಯನ್ನೂ ವಿಚಾರಿಸುವ ಮೊದಲೇ ನಾನು ವಸ್ತುವಿಗೆ ಎಳ್ಳುನೀರು ಬಿಟ್ಟಿದ್ದೆ.

ತಂತಿಯಲ್ಲಿ ಡ್ರೈವಿನ ಕಡೆಗೆ ಹೋಗುವ ತುದಿ ಅಗಲವಾಗಿ, ನಡುವೆ ಸೀಳಿದಂತೆ ಎರಡು ಭಾಗವಾಗಿರುತ್ತದೆ. ಅದರ ದೊಡ್ಡ ಭಾಗಕ್ಕೆ ಹಳೆಯ ಮೊಬೈಲಿನ ಚಾರ್ಜರ್ ತಂತಿಯೂ ಕೂರುತ್ತದೆ ಎಂದು ಅಳಿಯ ಹೇಳಿದ. ಮೇಜಿನ ಡ್ರಾಯರ್ ಕೆದಕಿದಾಗ ಅಂಥದ್ದೊಂದು ಸಿಕ್ಕಿತು. ಚುಚ್ಚಿದೆ. ನೀಲಿ ದೀಪ ಹತ್ತಿತು! ಒಳಗೆ ಬಿಲ್ಲೆ ತಿರುಗುವ ಸಣ್ಣ ಝೇಂಕಾರವೂ ಬೆರಳಿಗೆ ತಾಗಿತು. ಕಂಪ್ಯೂಟರ್ ಮಾತ್ರ ಮೌನ. "ಅದು ಬರೀ ಚಾರ್ಜಿಂಗ್ ಕೇಬಲ್ ಇರಬೇಕು ಮಾವ, ಡೇಟಾ ತಂತಿ ಇರೋದಿಲ್ಲ" ಎಂದ. ಅಗ್ಗದ ತಂತಿಗಳಲ್ಲಿ ಹಾಗಿರುತ್ತದಂತೆ. ಕರೆಂಟು ಒಯ್ಯುವ ಎರಡು ಎಳೆ ಇರುತ್ತವೆ, ಮಾತು ಒಯ್ಯುವ ಎರಡು ಎಳೆ ಇರುವುದಿಲ್ಲ. ಡ್ರೈವಿಗೆ ಊಟ ಹೋಗುತ್ತಿತ್ತು, ಮಾತುಕತೆ ಇರಲಿಲ್ಲ. ದೀಪ ಉರಿಯುತ್ತಿದೆ ಎಂದರೆ ಎಲ್ಲ ಸರಿಯಿದೆ ಎಂದುಕೊಳ್ಳುವ ಮನೆಗಳು ಎಷ್ಟಿಲ್ಲ!

ಮಾರನೆಯ ದಿನ ಹುಡುಗಿಗೆ ಒಂದು ವಾರ ತಡಿಯಮ್ಮ ಎಂದು ಹೇಳಿ, ಅಂಗಡಿಯಿಂದ ಸರಿಯಾದ ತಂತಿ ತಂದೆ. ಅಂಗಡಿಯವನು ಇನ್ನೊಂದು ಮಾತೂ ಹೇಳಿದ. ಯುಎಸ್‌ಬಿ ಹಬ್ಬಿಗೆ ಹಾಕಬೇಡಿ, ನೇರ ಲ್ಯಾಪ್‌ಟಾಪಿಗೇ ಹಾಕಿ. ಹಳೆಯ ಯುಎಸ್‌ಬಿ 2.0 ತೂತು ಕೊಡಬೇಕಾದ ಕರೆಂಟು 500 ಮಿಲಿಆಂಪ್. ನೀಲಿ ನಾಲಗೆಯ 3.0 ತೂತು 900ರವರೆಗೆ ಕೊಡುತ್ತದೆ. ಅಂಗೈಯಗಲದ ಡ್ರೈವಿಗೆ ಬೇರೆ ಅಡಾಪ್ಟರ್ ಇಲ್ಲ. ನಿಮಿಷಕ್ಕೆ 5400 ಸುತ್ತು ಬಿಲ್ಲೆ ತಿರುಗಿಸುವ ಕಸುವೆಲ್ಲ ಆ ತೂತಿನಿಂದಲೇ ಬರಬೇಕು. ಅದೇ ಒಂದು ತೂತನ್ನು ಹಬ್ಬಿನಲ್ಲಿ ನಾಲ್ಕು ಮಂದಿ ಹಂಚಿಕೊಂಡರೆ ಬಿಲ್ಲೆ ಏಳಲು ಹೋಗಿ ಕುಸಿಯುತ್ತದೆ. ಟಿಕ್ ಟಿಕ್ ಎನ್ನುತ್ತದೆ. ಹಸಿದವನ ತಲೆಸುತ್ತನ್ನು ನಾವು ಕಾಯಿಲೆ ಎಂದುಕೊಳ್ಳುತ್ತೇವೆ.

ಹೊಸ ತಂತಿ, ನೇರ ತೂತು. ಈ ಸಲ ಕಂಪ್ಯೂಟರ್ 'ಢುಂ ಢುಂ' ಎಂದು ಎರಡು ಸ್ವರ ನುಡಿಯಿತು.

ಆ ಎರಡು ಸ್ವರದ ಹಿಂದೆ ಏನು ನಡೆಯುತ್ತದೆ ಎಂಬುದನ್ನು ಅಳಿಯ ಅವತ್ತು ರಾತ್ರಿ ವಿವರಿಸಿದ. 1996ಕ್ಕೆ ಮುಂಚೆ ಮೌಸಿಗೊಂದು ತೂತು, ಪ್ರಿಂಟರಿಗೊಂದು, ಮೋಡೆಮ್ಮಿಗೊಂದು. ಎಲ್ಲಕ್ಕೂ ಯುಎಸ್‌ಬಿ ಎಂಬ ಒಂದೇ ಬಾಗಿಲು ಮಾಡಿದ ಇಂಟೆಲ್ ತಂಡದಲ್ಲಿ ಬರೋಡಾದಲ್ಲಿ ಓದಿದ ಅಜಯ್ ಭಟ್ ಎಂಬ ನಮ್ಮ ದೇಶದವರೂ ಇದ್ದರು. ಬಾಗಿಲು ಒಂದೇ ಆದ ಮೇಲೆ ಬಂದವರು ಯಾರೆಂದು ಕೇಳಲೇಬೇಕಲ್ಲ? ಸಾಧನವೊಂದು ಬಂದು ಸೇರಿದೊಡನೆ ಮಾತಿನ ತಂತಿಗಳಲ್ಲೊಂದನ್ನು ಮೇಲಕ್ಕೆಳೆಯುತ್ತದೆ. ತರಗತಿಯಲ್ಲಿ ಹುಡುಗ ಕೈ ಎತ್ತಿದ ಹಾಗೆ. ಕೈ ಎತ್ತುವುದಷ್ಟೇ ಅದರ ಅಧಿಕಾರ. ಮಾತು ಶುರುಮಾಡಬೇಕಾದದ್ದು ಕಂಪ್ಯೂಟರು. ಹೊಸದಾಗಿ ಬಂದ ಯಾವುದೇ ಸಾಧನದ ವಿಳಾಸ ಸೊನ್ನೆ. ಆ ಸೊನ್ನೆ ನಂಬರಿನ ಮನೆಗೆ ಹೋಗಿ ಕಂಪ್ಯೂಟರು ಕೇಳುತ್ತದೆ: ನೀನು ಯಾರು, ಯಾರ ಮನೆಯವನು, ನಿನ್ನ ಕಸುಬೇನು, ಎಷ್ಟು ಕರೆಂಟು ಬೇಕು? ಉತ್ತರ ಸರಿಯಾಗಿ ಬಂದರೆ 1ರಿಂದ 127ರೊಳಗೆ ಒಂದು ನಂಬರು ಕೊಡುತ್ತದೆ. ಅಲ್ಲಿಂದ ಮುಂದೆ ಅದು ಗುರುತಿರುವ ಸಾಧನ. ಪ್ರಶ್ನೆ ತಲುಪದಿದ್ದರೆ, ಅಥವಾ ಉತ್ತರ ದಾರಿಯಲ್ಲಿ ಹರಿದುಹೋದರೆ, ಡ್ರೈವ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಕಂಪ್ಯೂಟರಿನ ಪಾಲಿಗೆ 'ಗುರುತಿಸಲಾಗದ ಸಾಧನ'.

ನನಗೆ ಇದು ಚೆಂದ ಕಂಡಿತು. ಗುರುತು ಎಂಬುದು ಡ್ರೈವಿನೊಳಗೆ ತಾನಾಗಿ ಇರುವ ಗುಣ ಎಂದುಕೊಂಡಿದ್ದೆ. ಒಬ್ಬರು ಕೇಳಿ ಇನ್ನೊಬ್ಬರು ಹೇಳಿದರೆ ಮಾತ್ರ ಆಗುವಂಥದ್ದಂತೆ ಅದು. ಚೆಂದ ಎಂದುಕೊಂಡು ಅಲ್ಲಿಗೇ ಬಿಟ್ಟೆ. ಆ ಮಾತು ನನ್ನನ್ನು ಬಿಡಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಸ್ವರ ನುಡಿದ ಸಂತೋಷ ಅರ್ಧ ನಿಮಿಷ. ಪರದೆಯ ಮೇಲೊಂದು ಚೌಕ ತೆರೆಯಿತು: ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಕೆಳಗೆ ಎರಡು ಗುಂಡಿ. ಎಷ್ಟು ವಿನಯದ ಮಾತು! ಮನೆಗೆ ಬಂದವನು, ನಿಮ್ಮ ಲೈಬ್ರರಿಯ ಪುಸ್ತಕ ಹುಡುಕುವುದು ನನಗೆ ಗೊತ್ತಾಗುತ್ತಿಲ್ಲ, ಎಲ್ಲವನ್ನೂ ಆಚೆ ಹಾಕಿ ಕಪಾಟು ಖಾಲಿ ಮಾಡಿಕೊಡಲೇ ಎಂದು ಕೇಳಿದ ಹಾಗೆ. ಕಂಪ್ಯೂಟರಿನ ತಪ್ಪೂ ಇಲ್ಲ. ಡಿಸ್ಕಿನಲ್ಲಿ ಎರಡು ಬಗೆಯ ಬರಹ ಇರುತ್ತದೆ. ಒಂದು ನಾವಿಟ್ಟ ಹಾಡು, ಚಿತ್ರ, ಕಾಗದ. ಇನ್ನೊಂದು ಯಾವುದು ಎಲ್ಲಿದೆ ಎಂದು ಹೇಳುವ ಪರಿವಿಡಿ. ಪರಿವಿಡಿ ಹರಿದರೆ ಡಿಸ್ಕು ಪೂರ್ತಿ ಖಾಲಿ ಎಂಬಂತೆಯೇ ಕಂಪ್ಯೂಟರಿಗೆ ತೋರುತ್ತದೆ. ಒಳಗೆ ಹಾಡು ಹಾಡಾಗಿಯೇ ಇರುತ್ತದೆ. ಆಗ ಗುಂಡಿ ಒತ್ತಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹಳೆಯ ಪರಿವಿಡಿಯ ಜಾಗದಲ್ಲಿ ಹೊಸ, ಖಾಲಿ ಪರಿವಿಡಿ ಬೀಳುತ್ತದೆ. ಪೂರ್ತಿ ಫಾರ್ಮ್ಯಾಟ್ ಮಾಡಿದರೆ, ವಿಂಡೋಸ್ ವಿಸ್ಟಾದಿಂದೀಚೆಗೆ, ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆದುಕೊಂಡು ಹೋಗುತ್ತದೆ. ಆಮೇಲೆ ಅಳುವುದಕ್ಕೂ ಏನೂ ಉಳಿದಿರುವುದಿಲ್ಲ.

ನನ್ನ ಬೆರಳು ಗುಂಡಿಯ ಮೇಲೆ ಹೋಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಏನಾದರೂ ಮಾಡಬೇಕು ಎನ್ನಿಸುತ್ತಿರುತ್ತದಲ್ಲ, ಆ ಚಡಪಡಿಕೆ ಕೆಟ್ಟದ್ದು. ಸುಮ್ಮನೆ ಕೂತರೆ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತದೆ. ಏನೋ ಒಂದು ಒತ್ತಿದರೆ ಪ್ರಯತ್ನಪಟ್ಟೆ ಎಂಬ ಸಮಾಧಾನ ಸಿಗುತ್ತದೆ. ವಸ್ತು ಕೆಟ್ಟಾಗ ಆಗುವ ನಷ್ಟಕ್ಕಿಂತ ಈ ಸಮಾಧಾನಕ್ಕಾಗಿ ಆಗುವ ನಷ್ಟ ದೊಡ್ಡದು. ಅವತ್ತು ಕರೆಂಟ್ ಹೋಗಲಿಲ್ಲ, ಯಾರೂ ಬಂದು ತಡೆಯಲಿಲ್ಲ. ಚೌಕದಲ್ಲಿದ್ದ 'ಬಳಸಬೇಕಾದರೆ' ಎಂಬ ಮಾತು ನನ್ನನ್ನು ನಿಲ್ಲಿಸಿತು. ನನಗೆ ಡಿಸ್ಕನ್ನು ಬಳಸಬೇಕಿರಲಿಲ್ಲ. ಒಳಗಿನ ಹೆಂಗಸರ ದನಿ ಬೇಕಿತ್ತು. ಅದು ಕೇಳುತ್ತಿದ್ದ ಪ್ರಶ್ನೆ ನನ್ನ ಪ್ರಶ್ನೆಯಲ್ಲ. ಕ್ಯಾನ್ಸಲ್ ಒತ್ತಿದೆ.

ಎರಡು ದಿನ ಬಿಟ್ಟು ಮೈಸೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ತಂತಿಗಳನ್ನು ಬಾಳೆನಾರಿನ ಕಟ್ಟಿನ ಹಾಗೆ ನೇತುಹಾಕಿರುವ, ಎದುರಿನಿಂದ ಕೈಗಾಡಿ ಬಂದರೆ ಗೋಡೆಗೆ ಅಂಟಿಕೊಳ್ಳಬೇಕಾದ ಓಣಿಗಳು. ಅಳಿಯ ಹೇಳಿದ್ದ ಅಂಗಡಿ ಮೊದಲ ಮಹಡಿಯಲ್ಲಿತ್ತು. ಅಲ್ಲಿದ್ದಾತನಿಗೆ ಮೂವತ್ತು ದಾಟಿರಲಿಲ್ಲ. ಡ್ರೈವನ್ನು ಕೈಗೆ ತೆಗೆದುಕೊಳ್ಳುವ ಮುಂಚೆಯೇ ಪ್ರಶ್ನೆ ಶುರು ಮಾಡಿದ.

"ಕೆಳಗೆ ಬಿದ್ದಿತ್ತಾ ಸಾರ್? ನೀರು? ಫಾರ್ಮ್ಯಾಟ್ ಕೊಟ್ರಾ? ಚೆಕ್‌ಡಿಸ್ಕ್ ಓಡಿಸಿದ್ರಾ? ಬಿಚ್ಚಿದ್ರಾ? ಫ್ರಿಜ್ಜಲ್ಲಿಟ್ರಾ?"

ಫ್ರಿಜ್ಜಲ್ಲೂ ಇಡುತ್ತಾರಾ ಎಂದೆ. ಇಡ್ತಾರೆ ಸಾರ್, ಯಾರೋ ಹೇಳಿದರು ಅಂತ ಇಟ್ಟು, ಒಳಗೆಲ್ಲ ಬೆವರು ಮಾಡಿಕೊಂಡು ತರ್ತಾರೆ ಎಂದ. ಬಿಚ್ಚುವವರೂ ಇದ್ದಾರೆ. ಓದುವ ಹೆಡ್ಡು ಬಿಲ್ಲೆಯ ಮೇಲೆ ನ್ಯಾನೋಮೀಟರುಗಳ ಅಂತರದಲ್ಲಿ ತೇಲುತ್ತಿರುತ್ತದೆ. ಕಣ್ಣಿಗೆ ಕಾಣದ ಧೂಳಿನ ಕಣವೂ ಅದಕ್ಕೆ ಬಂಡೆ. ನಾನು ಏನೂ ಮಾಡಿಲ್ಲಪ್ಪ ಎಂದೆ. "ಏನೂ ಮಾಡ್ದೆ ಬಂದಿದ್ದೀರಲ್ಲ, ಅರ್ಧ ಕೆಲಸ ಆಯ್ತು ಬಿಡಿ" ಎಂದು ನಕ್ಕ.

ಅವನ ಕೆಲಸದಲ್ಲಿ ಒಂದು ಕ್ರಮವಿತ್ತು. ಮೊದಲು ಕಿವಿಗೊಟ್ಟು ಕೇಳಿದ. ಕಟಕಟ ಶಬ್ದವಿಲ್ಲ. ಲಿನಕ್ಸ್ ಹಾಕಿದ ಯಂತ್ರಕ್ಕೆ ಸೇರಿಸಿ, ಕಪ್ಪು ಪರದೆಯಲ್ಲಿ ಸಾಲು ಸಾಲಾಗಿ ಬರುವ ಮಾತುಕತೆ ಓದಿದ. ಡ್ರೈವು ತನ್ನ ಹೆಸರು, ನಂಬರು, ಅಳತೆ ಎಲ್ಲವನ್ನೂ ಸರಿಯಾಗಿ ಹೇಳುತ್ತಿತ್ತು. ಹಾಗಾದರೆ ಕರೆಂಟು, ತಂತಿ, ಯುಎಸ್‌ಬಿ ಮಾತನ್ನು ಡಿಸ್ಕಿನ ಭಾಷೆಗೆ ತಿರುಗಿಸುವ ಪುಟ್ಟ ಬೋರ್ಡು, ಮೋಟಾರು, ಹೆಡ್ಡು ಎಲ್ಲ ನೆಟ್ಟಗಿವೆ, ತೊಂದರೆ ಬರಹದಲ್ಲಿದೆ. ಒಂದೊಂದೇ ಮೆಟ್ಟಿಲು ಇಳಿದು, ಇಲ್ಲಿಯವರೆಗೆ ಸರಿ ಎಂದು ಗೆರೆ ಎಳೆದುಕೊಂಡು ಹೋಗುವುದು ಅವನ ಪದ್ಧತಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತಾನೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ.

ಆಮೇಲೆ ನನ್ನ ಡ್ರೈವಿನ ಮೇಲೆ ಒಂದಕ್ಷರವನ್ನೂ ಬರೆಯದೆ, ಅಷ್ಟನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಲು ಬಿಟ್ಟ. ಆ ಸಾಫ್ಟ್‌ವೇರಿನ ಹೆಸರು ಡಿಡಿರೆಸ್ಕ್ಯೂ. ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ಓದಿಕೊಂಡು, ಕಷ್ಟದ ಜಾಗಗಳನ್ನು ಗುರುತು ಹಾಕಿಟ್ಟು, ಕೊನೆಗೆ ಅವುಗಳಿಗೆ ಮರಳುತ್ತದೆ. ಪರೀಕ್ಷೆಯ ಹಾಲಿನಲ್ಲಿ ಮಕ್ಕಳಿಗೆ ಇದನ್ನೇ ಅಲ್ಲವೆ ನಾವು ಹೇಳುವುದು? ಮೂರು ದಿನ ಬಿಟ್ಟು ಬನ್ನಿ ಎಂದ.

ಮೂರು ದಿನದ ಮೇಲೆ ಸುದ್ದಿ ಎರಡು ಬಗೆಯಾಗಿತ್ತು. ಹಾಡುಗಳು ಸಿಕ್ಕಿದ್ದವು, 86ರಲ್ಲಿ 81. ಒಂದೇ ಸಲಕ್ಕೆ ತುಂಬಿ ಇಟ್ಟದ್ದರಿಂದ ಒಂದೊಂದು ಫೈಲೂ ಚೂರಾಗದೆ ಉದ್ದಕ್ಕೆ ಮಲಗಿತ್ತಂತೆ, ಅದೇ ಪುಣ್ಯ. ಪರಿವಿಡಿ ಸಿಗಲಿಲ್ಲ. ಡಿಸ್ಕಿನ ಕೆಟ್ಟ ಸೆಕ್ಟರುಗಳು ಬಿದ್ದದ್ದು ಆ ಜಾಗದಲ್ಲೇ. ತಂತಿಯನ್ನು ಹಾಗೆ ಕಿತ್ತಿಡುತ್ತಿದ್ದದ್ದೂ ಸೇರಿಕೊಂಡಿರಬೇಕು ಎಂದ. ಹಾಡಿನ ಆರಂಭದ ಗುರುತು ಹಿಡಿದು ಫೋಟೋರೆಕ್ ಎಂಬ ಸಾಫ್ಟ್‌ವೇರ್ ಎತ್ತಿಕೊಟ್ಟ ಫೈಲುಗಳಿಗೆ ಹೆಸರಿರಲಿಲ್ಲ. ಎಫ್ ಅಕ್ಷರ, ಅದರ ಮುಂದೆ ಉದ್ದದ ಅಂಕಿ, ಅಷ್ಟೇ. "ಕಂಟೆಂಟ್ ಬಂದಿದೆ ಸಾರ್, ನೇಮ್ಸ್ ಹೋಗಿದೆ. ನೀವೇ ಕೇಳಿ ಹೆಸರು ಕೊಡ್ಬೇಕು."

ಎರಡು ತಿಂಗಳು ಕೇಳಿದೆ. ಬೆಳಿಗ್ಗೆ ಕಾಫಿ ಆದ ಮೇಲೆ ಒಂದು, ಸಂಜೆ ಒಂದು. ಹಸೆಗೆ ಕರೆಯುವ ಪದ, ಎಣ್ಣೆ ಒತ್ತುವ ಪದ, ಹೆಣ್ಣು ಒಪ್ಪಿಸುವ ಪದ. ಮೂವತ್ತು ವರ್ಷದ ಹಿಂದಿನ ಕೋಳಿ ಕೂಗು, ಯಾರದೋ ಮಗುವಿನ ಅಳು, ನಿಂತ ಬಸ್ಸಿನ ಹಾರ್ನ್. ದನಿಗಳನ್ನು ಮಾತ್ರ ಗುರುತು ಹಿಡಿಯಲಾರದೆ ಹೋದೆ. ಈ ಗೊಗ್ಗರು ಕಂಠದ ಅಜ್ಜಿ ಯಾರು? ಹೆಸರುಗಳೆಲ್ಲ ಆ ಹಾಳು ಡ್ರೈವಿನ ಪರಿವಿಡಿಯಲ್ಲಿ ಹೋದವಲ್ಲ ಎಂದು ದಿನವೂ ಶಪಿಸಿದೆ. ಸಿಕ್ಕವರಿಗೆಲ್ಲ ಆ ಕತೆ ಹೇಳಿ ಅಯ್ಯೋ ಅನ್ನಿಸಿಕೊಂಡೆ.

ಆಗ ಹಳೆಯ ಪೇಪರಿನ ಕಟ್ಟು ಬಿಚ್ಚುವಾಗ ನನ್ನ ಹೆಂಡತಿಗೆ ಒಂದು ಟೈಪು ಮಾಡಿದ ವರದಿ ಸಿಕ್ಕಿತು. 1995ರಲ್ಲಿ ಕಾಲೇಜಿಗೆ ಕೊಟ್ಟದ್ದರ ಕಾರ್ಬನ್ ಪ್ರತಿ. ಅದರ ಕೊನೆಯಲ್ಲಿ 43 ಕ್ಯಾಸೆಟ್ಟುಗಳ ಎರಡೂ ಮುಖಗಳ ಪಟ್ಟಿ: ಊರು, ತಾರೀಖು, ಪದಗಳ ಮೊದಲ ಸಾಲು, ಹಾಡಿದವರು. ಬದುಕಿದೆ ಎಂದುಕೊಂಡು ಸಿಕ್ಕ ಫೈಲುಗಳಿಗೆ ತಾಳೆ ಹಾಕುತ್ತ ಹೋದೆ. 62 ಫೈಲುಗಳಿಗೆ ಹೆಸರು ಕೂತವು. ಉಳಿದ 19ಕ್ಕೆ 'ಹಾಡಿದವರು' ಎಂಬ ಕಾಲಮ್ಮಿನಲ್ಲಿ ನಾನೇ ಬರೆಸಿದ್ದೆ: 'ಒಬ್ಬ ವೃದ್ಧೆ', 'ಮದುವೆ ಮನೆಯ ಹೆಂಗಸರು', 'ಗೌಡರ ಮನೆಯ ಕೆಲಸದಾಕೆ'.

ಆ ಕಾಗದ ಹಿಡಿದು ಬಹಳ ಹೊತ್ತು ಕೂತೆ. ಡ್ರೈವು ಈ ಹೆಸರುಗಳನ್ನು ಕಳೆದಿರಲಿಲ್ಲ. ನಾನು ಇಟ್ಟದ್ದರಲ್ಲಿ ಬಹುಪಾಲನ್ನು ಅದು ಮುರಿದ ಮೈಯಲ್ಲೂ ಹಿಂದಕ್ಕೆ ಕೊಟ್ಟಿತ್ತು. ನಾನು ಇಡದೆ ಇದ್ದುದನ್ನು ಅದು ಎಲ್ಲಿಂದ ತರಬೇಕಿತ್ತು?

ಸೊನ್ನೆ ವಿಳಾಸದ ಆ ಮಾತು ಆಗ ಎದ್ದು ಬಂತು. ನೂರಿನ್ನೂರು ರೂಪಾಯಿಯ ಪೆನ್‌ಡ್ರೈವ್ ಬಂದು ಕೂತರೂ ಕಂಪ್ಯೂಟರು ಮೊದಲು ಕೇಳುವುದು ನೀನು ಯಾರು ಎಂದು. ಅದು ಮುಗಿಯದೆ ಒಂದು ಫೈಲನ್ನೂ ಮುಟ್ಟುವುದಿಲ್ಲ. ನಾನು ಹತ್ತೊಂಬತ್ತು ಕಡೆ ನೇರ ಫೈಲಿಗೇ ಕೈ ಹಾಕಿದ್ದೆ. ಟೇಪಿನಲ್ಲಿ ನನ್ನ ಎಳೆಯ, ಅವಸರದ ದನಿ ಕೇಳುತ್ತದೆ: ಈ ಪದ ಯಾವ ಶಾಸ್ತ್ರದಲ್ಲಿ ಹೇಳ್ತೀರಮ್ಮ? ಯಾರಿಂದ ಕಲಿತಿರಿ? ಇನ್ನೊಂದು ಪಾಠ ಇದೆಯಾ? ನನ್ನ ಕಸುಬಿಗೆ ಬೇಕಾದ ಪ್ರಶ್ನೆಗಳೆಲ್ಲ ಇವೆ.

ಒಂದು ಫೈಲಿನ ಕೊನೆಯಲ್ಲಿ ಆ ಗೊಗ್ಗರು ಕಂಠದ ಅಜ್ಜಿ ಪದ ನಿಲ್ಲಿಸಿ, ಎಲೆ ಅಡಿಕೆಯ ಬಾಯಲ್ಲಿ ನಗುತ್ತ ಅಂದಿದ್ದಾಳೆ: "ಎಲ್ಲಾನೂವೆ ಕೇಳ್ದೆ, ನನ್ನೆಸ್ರೇ ಕೇಳ್ನಿಲ್ವಲ್ಲ ಮಗಾ." ಅಷ್ಟಕ್ಕೆ ಟೇಪು ಮುಗಿದು ಟಕ್ ಎನ್ನುತ್ತದೆ. ಆತುರಾತುರವಾಗಿ ಅದರ ಮುಂದಿನ ಮುಖದ ಫೈಲು ಹುಡುಕಿ ಹಾಕಿದೆ. ಅದು ನನ್ನ ದನಿಯಿಂದಲೇ ಶುರುವಾಗುತ್ತದೆ: "ಹೂಂ, ಈಗ ಹೆಣ್ಣೊಪ್ಪಿಸೋ ಪದ ಹೇಳಿ." ನಡುವೆ ಕ್ಯಾಸೆಟ್ ತಿರುಗಿಸುವಾಗ ಆಕೆ ಹೇಳಿದಳೋ, ನಾನು ಕೇಳಿಸಿಕೊಳ್ಳಲಿಲ್ಲವೋ. ಕೈ ಎತ್ತಿದ್ದಳು ಎಂಬುದಷ್ಟೇ ಖಚಿತ.

ಇದು ನನ್ನೊಬ್ಬನ ರೋಗವಾಗಿದ್ದರೆ ಬರೆಯುತ್ತಿರಲಿಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ 'ಗರತಿಯ ಹಾಡು' ಸಂಕಲನವನ್ನು ವರ್ಷಗಟ್ಟಲೆ ಪಾಠ ಮಾಡಿದೆ. ಸಂಗ್ರಹಿಸಿದವರ ಹೆಸರು ಬರೆಯಿರಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೇನೆ. ಆ ಗರತಿಯರು ಯಾರು ಎಂದು ನಾನೂ ಕೇಳಲಿಲ್ಲ, ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ. ನಮ್ಮ ಮಂಡ್ಯ ಸೀಮೆಯವರೇ ಆದ ಎಚ್.ಎಲ್. ನಾಗೇಗೌಡರು ಒಂದು ಸಂಗ್ರಹಕ್ಕೆ 'ಸೋಬಾನೆ ಚಿಕ್ಕಮ್ಮನ ಪದಗಳು' ಎಂದು ಹಾಡಿದಾಕೆಯ ಹೆಸರನ್ನೇ ಇಟ್ಟರು. ಆ ಪುಸ್ತಕ ನನ್ನ ಕಪಾಟಿನಲ್ಲೇ ಇತ್ತು. ಪದಗಳ ಪಾಠಾಂತರ ನೋಡಲು ಎಷ್ಟೋ ಸಲ ತೆರೆದಿದ್ದೆ; ಶೀರ್ಷಿಕೆ ಹೇಳುತ್ತಿದ್ದ ಪಾಠ ಕಣ್ಣಿಗೆ ಬಿದ್ದಿರಲಿಲ್ಲ. ಕಾಣಿಸುತ್ತಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ ಎಂದು ಅಳಿಯ ಹೇಳಿದ್ದು ಡ್ರೈವಿನ ವಿಷಯಕ್ಕೆ. ನೋಡುವವನನ್ನೂ ತಪಾಸಣೆ ಮಾಡಬೇಕು ಎನ್ನುವ ಅರ್ಧ ನನಗೆ ತಿಳಿಯಲು ಇಷ್ಟು ದಿನ ಬೇಕಾಯಿತು.

ಈಗ ಆ 81 ಫೈಲುಗಳ ಮೂರು ಪ್ರತಿ ಮಾಡಿದ್ದೇನೆ: ಒಂದು ಹೊಸ ಡ್ರೈವಿನಲ್ಲಿ, ಒಂದು ಅಳಿಯನ ಮನೆಯಲ್ಲಿ, ಒಂದು ಕ್ಲೌಡಿನಲ್ಲಿ. ಆರು ತಿಂಗಳಿಗೊಮ್ಮೆ ತೆಗೆದು ಚುಚ್ಚಿ ಒಂದೆರಡು ಪದ ಕೇಳುತ್ತೇನೆ. ಬೀರುವಿನಲ್ಲಿಟ್ಟದ್ದು ಭದ್ರ ಎಂಬ ಭ್ರಮೆ ಹೋಗಿದೆ. ತಂತಿ ತೆಗೆಯುವ ಮುಂಚೆ ಕಂಪ್ಯೂಟರಿಗೆ ಹೇಳಿ ತೆಗೆಯುತ್ತೇನೆ. ಹೆಸರುಗಳನ್ನು ಫೈಲಿನ ನೆತ್ತಿಯ ಮೇಲಷ್ಟೇ ಬಿಡದೆ, ಬೇರೆ ಕಾಗದದಲ್ಲೂ ಬರೆದಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬಿ ಇದ್ದರೆ ಈ ಭಾನುವಾರ ತೆಗೆದು ನೋಡಿ. ಕಾಣಿಸದಿದ್ದರೆ ಮೊದಲು ತಂತಿ ಬದಲಾಯಿಸಿ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ.

ಮೊನ್ನೆ ಆ ಹುಡುಗಿ ಮನೆಗೆ ಬಂದು ಪ್ರತಿ ತೆಗೆದುಕೊಂಡಳು. ಪ್ರಬಂಧದ ಅನುಬಂಧಕ್ಕೆ ಪಟ್ಟಿ ಮಾಡುತ್ತ, "ಹೆಸರು ಗೊತ್ತಿಲ್ದೆ ಇರೋ ಕಡೆ ಅಜ್ಞಾತ ಗಾಯಕಿ ಅಂತ ಹಾಕ್ಲಾ ಸಾರ್?" ಎಂದಳು.

ಬೇಡಮ್ಮ, ಅವರೇನು ಅಜ್ಞಾತವಾಗಿರಲಿಲ್ಲ, ಇಡೀ ಊರಿಗೆ ಗೊತ್ತಿದ್ದವರು ಎಂದೆ. ಹತ್ತೊಂಬತ್ತು ಕಡೆಯೂ ಈಗ ಹೀಗಿದೆ: 'ಸಂಗ್ರಾಹಕರು ಹೆಸರು ಕೇಳಿಲ್ಲ.'